ಎಣ್ಣೆ ಹಡಗಿನಲ್ಲಿ ಬಂತು, ಹಿಂಡಿ ಅಲ್ಲೇ ಉಳಿಯಿತು



ನಿಮ್ಮ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಗೂ ಕೊಟ್ಟಿಗೆಗೂ ನಂಟಿದೆ. ಬೀಜ ಹಿಂಡಿದರೆ ಎಣ್ಣೆ ಮನೆಗೆ, ಹಿಂಡಿ ಹಸುವಿಗೆ. ಈ ನಂಟು ಸಡಿಲವಾದದ್ದು ಹೇಗೆಂದು ನೋಡೋಣ.

ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಬೀಜ ಅರೆದು ಹಿಟ್ಟು ಮಾಡುತ್ತಿದ್ದರು, ಎಣ್ಣೆಯನ್ನು ಮೈಗೆ, ತಲೆಗೆ ಹಚ್ಚುತ್ತಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಅಲ್ಲಿ ಬಹುಕಾಲ ಅದು ಬರೀ ತೋಟದ ಹೂವು. 1716ರಲ್ಲಿ ಇಂಗ್ಲೆಂಡಿನಲ್ಲಿ ಎಣ್ಣೆ ತೆಗೆಯುವುದಕ್ಕೆ ಪೇಟೆಂಟ್ ಸಿಕ್ಕಿದರೂ ಉದ್ದೇಶ ಚರ್ಮ, ಉಣ್ಣೆ ಹದ ಮಾಡುವುದಾಗಿತ್ತು.

ಊಟಕ್ಕೆ ತಂದವರು ರಷ್ಯನ್ನರು. ಅವರ ಕ್ರೈಸ್ತ ಉಪವಾಸದ ದಿನಗಳಲ್ಲಿ ಹಾಲು, ಬೆಣ್ಣೆ ನಿಷಿದ್ಧ. ಬೆಣ್ಣೆಯ ಜಾಗಕ್ಕೆ ಸೂರ್ಯಕಾಂತಿ ಎಣ್ಣೆ ಬಂತು! 1829ರಲ್ಲಿ ಅಲೆಕ್ಸೆಯೆವ್ಕಾ ಎಂಬ ಹಳ್ಳಿಯ ರೈತ ದಾನಿಲ್ ಬೊಕರೆವ್ ಕೈಗಾಣದಲ್ಲಿ ಎಣ್ಣೆ ತೆಗೆದ. ಕೆಲವೇ ವರ್ಷಗಳಲ್ಲಿ ಅಲ್ಲಿ ಕುದುರೆ ಗಾಣ ತಿರುಗಿತು. ಮುಂದೆ ವಿಜ್ಞಾನಿ ಪುಸ್ತೊವೊಯ್ತ್ ಬೀಜದ ಎಣ್ಣೆ ಅಂಶವನ್ನು ಬಹಳ ಹೆಚ್ಚಿಸಿದರು.

ಎಣ್ಣೆ ಬೆಳೆಯಾಗಿ ನಮ್ಮ ದೇಶಕ್ಕೆ ಬಂದದ್ದು 1969ರಲ್ಲಿ, ಅದೇ ರಷ್ಯನ್ ತಳಿಗಳ ಮೂಲಕ. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಕೊಟ್ಟಿತು. ನಮ್ಮ ಎರೆ ಹೊಲಗಳು ಹಳದಿಯಾದವು. ಆಮೇಲೆ 1997ರಲ್ಲಿ ಬಾಗೇಪಲ್ಲಿಯಲ್ಲಿ ನೆಕ್ರೋಸಿಸ್ ನಂಜುರೋಗ ಕಾಣಿಸಿತು. ಅಗ್ಗದ ಆಮದು ಎಣ್ಣೆಯೂ ಹರಿದುಬಂತು. ಬಿತ್ತನೆ ಕುಗ್ಗಿತು.

ಈಗ ದೇಶ ಬಳಸುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಹೊರಗಿನದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಬೆಲೆ ಏರಿದ್ದು ನಿಮಗೆ ನೆನಪಿರಬಹುದು. ಆದರೆ ಯಾರೂ ಹೇಳದ ನಷ್ಟ ಇನ್ನೊಂದಿದೆ. ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಎಣ್ಣೆಯದಲ್ಲ, ಹಿಂಡಿ ಮತ್ತು ಸಿಪ್ಪೆಯದು. ಎಣ್ಣೆಯನ್ನಷ್ಟೇ ತರಿಸಿಕೊಂಡರೆ ಆ ಹಿಂಡಿ ಅಲ್ಲಿನ ದನಗಳ ಪಾಲು.

ಆದ್ದರಿಂದ ನಿಮ್ಮ ಸುತ್ತ ಸೂರ್ಯಕಾಂತಿ ಬೆಳೆಯುವವರಿದ್ದರೆ, ಗಾಣವಿದ್ದರೆ, ಹಿಂಡಿ ಊರಲ್ಲೇ ಉಳಿಯಲಿ. ಕೊಳ್ಳುವಾಗ ಇಷ್ಟು ಗಮನಿಸಿ:

• ಸಿಪ್ಪೆ ತೆಗೆದ ಬೀಜದ ಹಿಂಡಿಯಲ್ಲಿ ಪ್ರೋಟೀನ್ ಹೆಚ್ಚು. ಸಿಪ್ಪೆ ಸಹಿತದಲ್ಲಿ ನಾರು ಹೆಚ್ಚು. ಬೆಲೆ ಅದರಂತೆ ಇರಬೇಕು.
• ಬೂಷ್ಟು ಹಿಡಿದ, ಕಮಟು ವಾಸನೆಯ ಹಿಂಡಿ ಬೇಡವೇ ಬೇಡ.
• ಒಮ್ಮೆಲೇ ಬದಲಿಸದೆ, ದಿನಕ್ಕಿಷ್ಟರಂತೆ ರೂಢಿ ಮಾಡಿಸಿ.

ಎಣ್ಣೆಬೀಜ ಬಿತ್ತಿದ ಹೊಲ ಹಸುವಿಗೂ ಬಿತ್ತಿದಂತೆ. ಮುಂದಿನ ಬಿತ್ತನೆಗೆ ಮುನ್ನ ಮನೆಯವರೊಡನೆ ಕೂತು ಈ ಲೆಕ್ಕ ಹಾಕಿ ನೋಡಿ.