ಇಂಟರ್‌ಮೀಡಿಯಟ್‌ನಿಂದ ಬಿ.ವೋಕ್‌ವರೆಗೆ: ಕಲಬುರಗಿ ಸೀಮೆಗೆ ಪದವಿ ಬಂದ ದಾರಿ

ಕಲಬುರಗಿಯಿಂದ ಹುಮನಾಬಾದ್‌ಗೆ ಹೋಗುವ ಹೆದ್ದಾರಿಯಲ್ಲಿ ಮೊದಲು ಕಪನೂರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅದೇ ದಾರಿಯಲ್ಲಿ ಮುಂದೆ ಹೋದರೆ, ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರ. ತೊಗರಿ ಬೆಳೆಯುವ, ಒಡೆಯುವ, ಮಾರುವ ಈ ಸೀಮೆಯಲ್ಲಿ ಕಸುಬು ಕಲಿಸುವ ಶಿಕ್ಷಣ ಯಾವ ಹಂತದವರೆಗೆ ಹೋಗಬೇಕು, ಡಿಪ್ಲೊಮಾದಲ್ಲಿ ನಿಲ್ಲಬೇಕೇ ಅಥವಾ ಪದವಿಯವರೆಗೆ ಬೆಳೆಯಬೇಕೇ ಎಂಬ ಪ್ರಶ್ನೆ ಹೊಸದಾಗಿ ಕಂಡರೂ, ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಇದೇ ಪ್ರಶ್ನೆ ಅಮೆರಿಕದಲ್ಲೂ ಎದ್ದಿದೆ. ಎರಡು ವರ್ಷದ ಕೋರ್ಸುಗಳನ್ನು ನಡೆಸುವ, ಸ್ಥಳೀಯರಿಗೆ ಕಡಿಮೆ ಶುಲ್ಕದಲ್ಲಿ ಪ್ರವೇಶ ನೀಡುವ, ಸುತ್ತಲಿನ ಉದ್ಯೋಗಗಳಿಗೆ ತಕ್ಕ ತರಬೇತಿ ಕೊಡುವ ಸಂಸ್ಥೆಗೆ ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂಬ ಹೆಸರಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾದ ಜೂನಿಯರ್ ಕಾಲೇಜಿನಿಂದ ಬೆಳೆದ ಈ ವ್ಯವಸ್ಥೆಯಲ್ಲಿ ಪದವಿ ಬೇಕೆನ್ನುವವರು ಎರಡು ವರ್ಷದ ಬಳಿಕ ವಿಶ್ವವಿದ್ಯಾಲಯಕ್ಕೆ ವರ್ಗವಾಗಬೇಕಿತ್ತು. ದೂರ, ಖರ್ಚು ಮತ್ತು ಸಂಸಾರದ ಹೊಣೆಗಳಿಂದಾಗಿ ಅನೇಕರಿಗೆ ಅದು ಸಾಧ್ಯವಾಗದಿದ್ದ ಕಾರಣ, ಫ್ಲೋರಿಡಾ 2001ರಲ್ಲಿ ತನ್ನ ಸಮುದಾಯ ಕಾಲೇಜುಗಳಿಗೆ ಪದವಿ ನೀಡಲು ದಾರಿ ತೆರೆಯಿತು. ಕ್ಯಾಲಿಫೋರ್ನಿಯಾ 2014ರಲ್ಲಿ ಪ್ರಾಯೋಗಿಕವಾಗಿ ಒಪ್ಪಿ, 2021ರಲ್ಲಿ ಅದನ್ನು ಕಾಯಂಗೊಳಿಸಿತು; ರಾಜ್ಯದ ವಿಶ್ವವಿದ್ಯಾಲಯಗಳು ಈಗಾಗಲೇ ನೀಡುತ್ತಿರುವ ಪದವಿಯನ್ನೇ ಸಮುದಾಯ ಕಾಲೇಜು ಮತ್ತೆ ನೀಡಬಾರದು ಎಂಬ ಷರತ್ತನ್ನೂ ಹಾಕಿತು.

ಭಾರತದಲ್ಲಿ ಈ ಪ್ರಶ್ನೆಗೆ ಕಾನೂನಿನ ಸ್ವರೂಪವೇ ಬೇರೆ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧಿನಿಯಮದ 22ನೆಯ ಕಲಮಿನ ಪ್ರಕಾರ ಪದವಿ ಪ್ರದಾನ ಮಾಡುವ ಹಕ್ಕು ಕಾಯ್ದೆಯ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ಪರಿಭಾವಿತ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಇದೆ. ಕಾಲೇಜು ಪಾಠ ಹೇಳುತ್ತದೆ, ಹಾಜರಿ ತೆಗೆದುಕೊಳ್ಳುತ್ತದೆ, ಪ್ರಯೋಗಾಲಯ ನಡೆಸುತ್ತದೆ. ಆದರೆ ಪದವಿ ಪ್ರಮಾಣಪತ್ರಕ್ಕೆ ಸಹಿ ಬೀಳುವುದು ಅದು ಸಂಯೋಜನೆ ಪಡೆದಿರುವ, ಎಂದರೆ ಮಾನ್ಯತೆಗಾಗಿ ಅಧೀನವಾಗಿರುವ ವಿಶ್ವವಿದ್ಯಾಲಯದಲ್ಲಿ. ಆದ್ದರಿಂದ ಯಾವ ಊರಿನ ಕಾಲೇಜು ಯಾವ ಹಂತದವರೆಗೆ ಪಾಠ ಮಾಡಬಹುದು ಮತ್ತು ಅದರ ವಿಶ್ವವಿದ್ಯಾಲಯ ಎಷ್ಟು ದೂರದಲ್ಲಿದೆ ಎಂಬ ಎರಡು ಸಂಗತಿಗಳೇ ಇಲ್ಲಿನ ಮಕ್ಕಳ ವಿದ್ಯಾಭ್ಯಾಸದ ಗಡಿಯನ್ನು ನಿರ್ಧರಿಸುತ್ತ ಬಂದಿವೆ.

ಬ್ರಿಟಿಷರ ಕಾಲದಲ್ಲಿ ಕಾಲೇಜುಗಳನ್ನು ದರ್ಜೆಗಳಲ್ಲಿ ವಿಂಗಡಿಸಲಾಗಿತ್ತು. ಎಫ್.ಎ. ಅಥವಾ ಇಂಟರ್‌ಮೀಡಿಯಟ್ ಎನ್ನುವ ಎರಡು ವರ್ಷದ ಹಂತದವರೆಗೆ ಕಲಿಸುವ ಕಾಲೇಜು ಎರಡನೆಯ ದರ್ಜೆಯದು, ಬಿ.ಎ. ತರಗತಿ ನಡೆಸುವುದು ಪ್ರಥಮ ದರ್ಜೆಯದು. ಇಂದಿಗೂ ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳ ನಾಮಫಲಕಗಳಲ್ಲಿ ಉಳಿದಿರುವ ‘ಪ್ರಥಮ ದರ್ಜೆ’ ಆ ವಿಂಗಡಣೆಯದೇ. ಎರಡನೆಯ ದರ್ಜೆಯ ಕಾಲೇಜನ್ನು ಪ್ರಥಮ ದರ್ಜೆಗೆ ಏರಿಸುವುದು, ಎಂದರೆ ಎರಡು ವರ್ಷದ ಸಂಸ್ಥೆಗೆ ಪದವಿ ತರಗತಿ ನಡೆಸಲು ಅನುಮತಿ ಕೊಡುವುದು, ಅಮೆರಿಕದಲ್ಲಿ ಈ ಚರ್ಚೆ ಏಳುವುದಕ್ಕೆ ಬಹಳ ಮೊದಲೇ ಈ ದೇಶದಲ್ಲಿ ನಡೆದಿತ್ತು.

ಕಲಬುರಗಿಯ ಪಾಲಿಗೆ ಈ ಗಡಿ ಹೆಚ್ಚು ಬಿಗಿಯಾಗಿತ್ತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನಾ ಮಾಧ್ಯಮವಾಗಿ ಸ್ವೀಕರಿಸಿತು; ಅದರ ವ್ಯವಸ್ಥೆಯೊಳಗೆ ಗುಲ್ಬರ್ಗಾದಲ್ಲಿ ಇದ್ದದ್ದು ಇಂಟರ್‌ಮೀಡಿಯಟ್ ಕಾಲೇಜು. ಮನೆಯಲ್ಲಿ ಕನ್ನಡವಾಡುವ ಹುಡುಗ ಉರ್ದುವಿನಲ್ಲಿ ಇಂಟರ್ ಮುಗಿಸಿ, ಪದವಿ ಬೇಕೆಂದರೆ ಹೈದರಾಬಾದ್‌ಗೆ ಹೋಗಿ ಅಲ್ಲಿ ಉಳಿಯಲು ಜಾಗ, ಊಟಕ್ಕೆ ಹಣ ಹೊಂದಿಸಿಕೊಳ್ಳಬೇಕಿತ್ತು. ಹೆಣ್ಣುಮಕ್ಕಳಿಗೂ ಮಳೆಯನ್ನೇ ನೆಚ್ಚಿದ ಒಕ್ಕಲುತನದ ಮನೆಗಳ ಮಕ್ಕಳಿಗೂ ಆ ದಾರಿ ಬಹುಮಟ್ಟಿಗೆ ಮುಚ್ಚಿದ್ದೇ ಆಗಿತ್ತು. ಈ ಸೀಮೆ ಹಿಂದುಳಿದದ್ದಕ್ಕೆ ಜನರ ನಿರಾಸಕ್ತಿಯನ್ನು ಕಾರಣವಾಗಿ ಹೇಳುವ ರೂಢಿಯುಂಟು. ಎರಡು ವರ್ಷದ ಕಾಲೇಜಿನ ಆಚೆಗೆ ದಾರಿಯನ್ನೇ ಕಟ್ಟದೆ ಇದ್ದ ವ್ಯವಸ್ಥೆಯನ್ನು ಮರೆತು ಆಡುವ ಆ ಮಾತು ಅನ್ಯಾಯದ್ದು.

1948ರಲ್ಲಿ ಸಂಸ್ಥಾನ ವಿಲೀನವಾಗಿ, 1956ರ ನವೆಂಬರ್ 1ರಂದು ಈ ಭಾಗ ಕನ್ನಡ ರಾಜ್ಯವನ್ನು ಸೇರಿದ ಮೇಲೆ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಭಾಷೆಯ ತೊಡಕು ಕಡಿಮೆಯಾಯಿತು, ದೂರ ಮಾತ್ರ ಉಳಿಯಿತು. 1958ರಲ್ಲಿ ಮಹಾದೇವಪ್ಪ ರಾಂಪುರೆ ಅವರ ನೇತೃತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಸ್ಥಾಪನೆಯಾಗಿ, ಅದೇ ವರ್ಷ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. 1970ರಲ್ಲಿ ಧಾರವಾಡ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇಲ್ಲಿಗೆ ಬಂದಿತು. 1980ರಲ್ಲಿ ಅದೇ ಕೇಂದ್ರ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು. ಹೈದರಾಬಾದ್‌ನಿಂದ ಧಾರವಾಡಕ್ಕೆ, ಧಾರವಾಡದಿಂದ ಊರಿಗೆ ಪದವಿಯ ಸಹಿ ಬರಲು ಆರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಆದರೆ ಬಂದದ್ದು ಹೆಚ್ಚಾಗಿ ಕಲೆ, ವಾಣಿಜ್ಯ, ವಿಜ್ಞಾನಗಳ ಪದವಿ. ಪಾಲಿಟೆಕ್ನಿಕ್, ಐಟಿಐ, ಟೂಲ್ ರೂಂ ತರಬೇತಿಗಳ ಹಾದಿ ಬೇರೆಯಾಗಿಯೇ ಉಳಿಯಿತು. ಪಾಲಿಟೆಕ್ನಿಕ್ ಡಿಪ್ಲೊಮಾ ಪಡೆದವರು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೊಂದನ್ನು ಬಿಟ್ಟರೆ, ಕೈಕಸುಬಿನಿಂದ ಪದವಿಗೆ ಹೋಗುವ ಮೆಟ್ಟಿಲು ಇರಲಿಲ್ಲ.

ಆ ಮೆಟ್ಟಿಲನ್ನು ಕಟ್ಟುವ ಯತ್ನ ಮೊದಲು ದಕ್ಷಿಣದಲ್ಲೇ ನಡೆಯಿತು. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ, 1996ರಲ್ಲಿ ಮದ್ರಾಸಿನ ಕ್ರೈಸ್ತ ಮಹಾಧರ್ಮಪ್ರಾಂತ್ಯ ಸಮುದಾಯ ಕಾಲೇಜುಗಳನ್ನು ತೆರೆದವು. ಕೌಶಲಗಳನ್ನು ಹಂತಗಳಲ್ಲಿ ಅಳೆಯುವ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು 2013ರ ಡಿಸೆಂಬರ್‌ನಲ್ಲಿ ಅಧಿಸೂಚಿತವಾಯಿತು. ಅದೇ ಹೊತ್ತಿಗೆ ಅನುದಾನ ಆಯೋಗವು ಆಗಲೇ ಇದ್ದ ಕಾಲೇಜುಗಳ ಒಳಗೇ ಸಮುದಾಯ ಕಾಲೇಜು ನಡೆಸುವ ಯೋಜನೆ ರೂಪಿಸಿತು. ಆ ಯೋಜನೆ ಸರ್ಟಿಫಿಕೇಟ್, ಡಿಪ್ಲೊಮಾ, ಉನ್ನತ ಡಿಪ್ಲೊಮಾಗಳವರೆಗೆ ಮಾತ್ರ ಹೋಗುತ್ತಿತ್ತು. 2014ರಲ್ಲಿ ಬಿ.ವೋಕ್, ಅಂದರೆ ವೃತ್ತಿಶಿಕ್ಷಣದ ಸ್ನಾತಕ ಪದವಿ ಜಾರಿಗೆ ಬಂದಾಗ ಆ ಗಡಿ ದಾಟಿತು. ಒಂದು ವರ್ಷ ಮುಗಿಸಿದವರಿಗೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರಕ್ಕೆ ಪದವಿ. ಪಠ್ಯದಲ್ಲಿ ಶೇ 60ರಷ್ಟು ಕೌಶಲ, ಶೇ 40ರಷ್ಟು ಸಾಮಾನ್ಯ ಶಿಕ್ಷಣ. ನಡುವೆ ನಿಲ್ಲಿಸಿ ಕೆಲಸಕ್ಕೆ ಹೋದವರೂ ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದೇ ಈ ಏರ್ಪಾಡಿನ ನಿಜವಾದ ಗುಣ.

ಕರ್ನಾಟಕದಲ್ಲಿ ಉಜಿರೆಯ ಎಸ್‌ಡಿಎಂ ಕಾಲೇಜಿನಂಥ ಸುಭದ್ರ ಆಡಳಿತದ ಸಂಸ್ಥೆಗಳು ಇದನ್ನು ಬಳಸಿಕೊಂಡವು. ಸರ್ಕಾರಿ ಕಾಲೇಜುಗಳ ಕಷ್ಟ ಬೇರೆ: ಯೋಜನೆಯ ಅನುದಾನ ಅವಧಿಗೆ ಕಟ್ಟುಬಿದ್ದದ್ದು, ಕಾಯಂ ಹುದ್ದೆಯಿಲ್ಲದೆ ಕೌಶಲ ಕಲಿಸುವ ಉಪಾಧ್ಯಾಯರು ನಿಲ್ಲುವುದಿಲ್ಲ, ಹೊಸ ಪಠ್ಯಕ್ಕೆ ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು. ಕಲಬುರಗಿಯಲ್ಲಿ ಪದವಿಯ ಅಧಿಕಾರ ಪಡೆಯುವ ಮತ್ತೊಂದು ಮಾರ್ಗವೂ ಈ ನಡುವೆ ತೆರೆದುಕೊಂಡಿತು. ಶರಣಬಸವ ವಿಶ್ವವಿದ್ಯಾಲಯ ಮತ್ತು ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ರಾಜ್ಯದ ಕಾಯ್ದೆಯ ಮೂಲಕ ಖಾಸಗಿ ವಿಶ್ವವಿದ್ಯಾಲಯಗಳಾಗಿ ಬಂದವು. ದೊಡ್ಡ ಸಂಸ್ಥೆಗಳಿಗೆ ಒದಗಿದ ಆ ಮಾರ್ಗ ತಾಲ್ಲೂಕಿನ ಸರ್ಕಾರಿ ಕಾಲೇಜಿಗೆ ಎಟುಕುವಂಥದ್ದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಾಲೇಜುಗಳೇ ಪದವಿ ನೀಡುವ ದಿನವನ್ನು ಮುಂದಿಟ್ಟಿತು. 2021–22ರಲ್ಲಿ ಆ ನೀತಿಯನ್ನು ಜಾರಿಗೆ ತಂದ ಕರ್ನಾಟಕ 2024–25ರಿಂದ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನೀತಿ ಬದಲಾದರೂ ಬಿ.ವೋಕ್‌ನ ದಾರಿ ಮುಚ್ಚಿಲ್ಲ, ಏಕೆಂದರೆ ಅದಿರುವುದು ಅನುದಾನ ಆಯೋಗ ಮಾನ್ಯ ಮಾಡಿದ ಪದವಿಗಳ ಪಟ್ಟಿಯಲ್ಲಿ.

ಕಲಬುರಗಿಯ ತೊಗರಿ ಬೇಳೆಗೂ ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಸೂಚ್ಯಂಕದ ಮನ್ನಣೆಯಿದೆ. ತೊಗರಿಯನ್ನು ಹಸನು ಮಾಡಿ, ಎಣ್ಣೆ ಸವರಿ, ಬಿಸಿಲಲ್ಲಿ ಒಣಗಿಸಿ, ಒಡೆದು, ದರ್ಜೆ ಮಾಡುವ ಬೇಳೆ ಗಿರಣಿಯ ಕೆಲಸದಲ್ಲಿ ತೇವಾಂಶದ ಲೆಕ್ಕ, ಯಂತ್ರಜ್ಞಾನ, ಆಹಾರ ಸುರಕ್ಷತೆಯ ಕಾನೂನು, ಮಾರುಕಟ್ಟೆ ಎಲ್ಲವೂ ಇವೆ. ಇದು ಮೂರು ವರ್ಷದ ಪದವಿಗೆ ಧಾರಾಳವಾಗಿ ಸಾಲುವ ವಿಷಯ. ಕ್ಯಾಲಿಫೋರ್ನಿಯಾದ ಷರತ್ತು ಇಲ್ಲಿಗೂ ಹೊಂದುತ್ತದೆ: ಎಲ್ಲ ಕಡೆ ಸಿಗುವ ಬಿ.ಎ., ಬಿ.ಕಾಂ.ಗಳ ಜೊತೆಗೆ ಈ ನೆಲದಲ್ಲಿ ಮಾತ್ರ ಚೆನ್ನಾಗಿ ಕಲಿಸಬಹುದಾದ ಪದವಿ ತಾಲ್ಲೂಕಿನ ಕಾಲೇಜಿನಲ್ಲಿ ಸಿಗಬೇಕು. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ದೊರೆತ ವಿಶೇಷ ಸ್ಥಾನಮಾನವನ್ನು ಕಟ್ಟಡಗಳಿಗಷ್ಟೇ ಸೀಮಿತಗೊಳಿಸದೆ, ಕಮಲಾಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬೇಳೆ ಸಂಸ್ಕರಣೆಯ ಬಿ.ವೋಕ್ ತೆರೆದು, ಅದಕ್ಕೆ ಕಾಯಂ ಹುದ್ದೆಗಳನ್ನು ಮಂಜೂರು ಮಾಡಿ, ಕಪನೂರದ ಗಿರಣಿಗಳನ್ನು ಅದರ ಪ್ರಯೋಗಶಾಲೆಯಾಗಿ ಜೋಡಿಸುವ ಕೆಲಸವನ್ನು ರಾಜ್ಯ ಸರ್ಕಾರವೂ ಗುಲ್ಬರ್ಗಾ ವಿಶ್ವವಿದ್ಯಾಲಯವೂ ಕೂಡಿ ಕೈಗೆತ್ತಿಕೊಳ್ಳಬೇಕು.