ಐದು ಎಸೆತಕ್ಕೊಂದು ಸಿಕ್ಸರ್! ಶಿವಮೊಗ್ಗಕ್ಕೆ ಸಿಕ್ಕಿದ್ದೇನು?

ನೋಡಿ ವೀಕ್ಷಕರೇ, ಲೆಕ್ಕದಿಂದಲೇ ಶುರು ಮಾಡೋಣ. 2024ರ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗ ಲಯನ್ಸ್ ಪರ ಅಭಿನವ್ ಮನೋಹರ್ ಹೊಡೆದದ್ದು 507 ರನ್. ಅದರಲ್ಲಿ ಸಿಕ್ಸರ್‌ಗಳೇ 52! ಅಂದ್ರೆ 312 ರನ್ ಬರೀ ಸಿಕ್ಸರ್‌ನಲ್ಲೇ ಬಂತು. ಹೆಚ್ಚೂಕಡಿಮೆ ಐದು ಎಸೆತಕ್ಕೊಂದು ಚೆಂಡು ಗ್ಯಾಲರಿಗೆ. ಅದೇ ವರ್ಷದ ಐಪಿಎಲ್ ಹರಾಜಿನಲ್ಲಿ ಹೈದರಾಬಾದ್ ತಂಡ 3.20 ಕೋಟಿ ಕೊಟ್ಟು ಈತನನ್ನು ಖರೀದಿಸಿತು.

ಅಭಿಮಾನಿಗಳ ವಾದ ಒಂದೇ: ಇದು ರಟ್ಟೆಯ ಬಲವೋ, ಕೈಯ ವೇಗವೋ?

ವಿಜ್ಞಾನ ವೇಗದ ಕಡೆಗಿದೆ. ಬ್ಯಾಟಿನ ತೂಕ ಎರಡರಷ್ಟಾದ್ರೆ ಅದರ ಶಕ್ತಿ ಎರಡರಷ್ಟಾಗುತ್ತೆ. ಬೀಸುವ ವೇಗ ಎರಡರಷ್ಟಾದ್ರೆ? ಶಕ್ತಿ ನಾಲ್ಕರಷ್ಟು! ಬ್ಯಾಟಿನ ತೂಕ ಒಂದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚಷ್ಟೇ. ಇನ್ನೂ ಭಾರ ಮಾಡಿದ್ರೆ ಬೀಸೋದೇ ನಿಧಾನ ಆಗುತ್ತೆ. ವೇಗ ಹುಟ್ಟೋದು ತೋಳಲ್ಲಲ್ಲ, ನೆಲದಲ್ಲಿ. ಕಾಲು ಊರಬೇಕು, ಸೊಂಟ ತಿರುಗಬೇಕು, ಆಮೇಲೆ ಭುಜ, ಕೊನೆಗೆ ಮಣಿಕಟ್ಟು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದ್ರೂ ಚೆಂಡು ಲಾಂಗ್ ಆನ್ ಫೀಲ್ಡರ್ ಕೈಗೆ. ಅಮೆರಿಕದ ಬೇಸ್‌ಬಾಲ್‌ನವರಂತೂ ಚೆಂಡು ಬ್ಯಾಟ್ ಬಿಟ್ಟು ಹೋಗುವ ವೇಗವನ್ನೂ ಪ್ರತಿ ಹೊಡೆತಕ್ಕೆ ಅಳೀತಾರೆ. ಅಲ್ಲಿ ಜಪಾನಿನ ಶೋಹೇ ಒಹ್ತಾನಿ 2024ರಲ್ಲಿ 54 ಹೋಮ್ ರನ್ ಹೊಡೆದ, ಜೊತೆಗೆ 59 ಬೇಸ್‌ಗಳನ್ನು ಓಡಿ ಕದ್ದ. ಬಲ, ವೇಗ ಎರಡೂ ಒಬ್ಬನಲ್ಲೇ!

ಮಣಿಕಟ್ಟಿನ ಪಾಠವನ್ನು ಭದ್ರಾವತಿಯವರಿಗೆ ಯಾರೂ ಹೇಳಬೇಕಿಲ್ಲ ಬಿಡಿ. 1949ರಲ್ಲಿ ಅಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ ಕುಳ್ಳಗಿನ ಮನುಷ್ಯ. 1969ರ ಕಾನ್ಪುರ ಟೆಸ್ಟ್‌ನಲ್ಲಿ ಮೊದಲ ಇನಿಂಗ್ಸ್ ಸೊನ್ನೆ, ಎರಡನೆಯದರಲ್ಲಿ 137. ಆ ಸ್ಕ್ವೇರ್ ಕಟ್‌ನಲ್ಲಿ ರಟ್ಟೆ ಎಲ್ಲಿತ್ತು ಹೇಳಿ?

ಈಗ ನನ್ನ ತಕರಾರಿಗೆ ಬರ್ತೀನಿ. ಆ 52 ಸಿಕ್ಸರ್‌ಗಳಲ್ಲಿ ಒಂದೂ ಶಿವಮೊಗ್ಗದಲ್ಲಿ ಬೀಳಲಿಲ್ಲ. ಇಡೀ ಟೂರ್ನಿ ನಡೆದದ್ದು ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ. ಹೆಸರು ಮಾತ್ರ ನಮ್ಮದು! ಹೊಡೆದ ಹುಡುಗನೂ ಬೆಂಗಳೂರಿನವನೇ. ಇಷ್ಟು ಹೊಡೆದ್ರೂ ತಂಡ ಸೆಮಿಫೈನಲ್ ಕಾಣಲಿಲ್ಲ, ಅದು ಬೇರೆ ಮಾತು.

ಹಾಗಂತ ಶಿವಮೊಗ್ಗದಲ್ಲಿ ಮೈದಾನ ಇಲ್ವಾ? ನವುಲೆಯಲ್ಲಿದೆ. 2024ರ ಜನವರಿಯಲ್ಲಿ ಅಲ್ಲೇ 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್ ನಡೀತು. ಮುಂಬೈ ವಿರುದ್ಧ ನಮ್ಮ ಪ್ರಖರ್ ಚತುರ್ವೇದಿ ಅಜೇಯ 404! 638 ಎಸೆತ ಆಡಿದ ಹುಡುಗ ಹೊಡೆದ ಸಿಕ್ಸರ್ ಮೂರೇ ಮೂರು. ಅದನ್ನು ಕಣ್ಣಾರೆ ಕಂಡ ಶಿವಮೊಗ್ಗದ ಹುಡುಗ ಮರುದಿನ ನೆಟ್ಸ್‌ಗೆ ಬಂದೇ ಬರ್ತಾನೆ. ಟಿವಿಯಲ್ಲಿ ಬ್ಯಾಟಿನ ವೇಗ ಗೊತ್ತಾಗಲ್ಲ ಸ್ವಾಮಿ, ಬೌಂಡರಿ ಪಕ್ಕ ಕೂತಾಗ ಆ ಸದ್ದಿನಲ್ಲಿ ಗೊತ್ತಾಗುತ್ತೆ.

ದೂರ ಅಂತ ನೆಪ ಹೇಳೋ ಹಾಗೂ ಇಲ್ಲ. ಸೋಗಾನೆಯಲ್ಲಿ 2023ರ ಫೆಬ್ರವರಿಯಿಂದ 3.2 ಕಿಲೋಮೀಟರ್ ಉದ್ದದ ರನ್‌ವೇ ಇದೆ. ರಾತ್ರಿ ಪಂದ್ಯಕ್ಕೆ ಹೊನಲು ಬೆಳಕು ಬೇಕು, ನಿಜ. ಮಧ್ಯಾಹ್ನದ್ದಾದ್ರೂ ಎರಡು ಪಂದ್ಯ ಕೊಡಿ. ಆಗಸ್ಟ್‌ನಲ್ಲಿ ಮಲೆನಾಡಿನ ಮಳೆ ಬಿಡಲ್ಲ ಅಂತೀರಾ? ಅದೂ ನಿಜ. ಆದ್ರೆ ಪ್ರಖರ್ 404 ಹೊಡೆದದ್ದು ಜನವರಿಯಲ್ಲಿ.