ಅಪ್ಪನ ಕೈ ಸರಿಯಾಗೇ ಇತ್ತು, ಗುಂಡಿಯ ಜಾಗ ಸರಿಯಿರಲಿಲ್ಲ

ಪುಣೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಚಿಕ್ಕದು. ವಿಂಡೋ ತೆರೆದಾಗ ಮೇಲ್ಗಡೆ ಒಂದು ಪಟ್ಟಿ ಇರುತ್ತಲ್ಲ, ಟೈಟಲ್ ಬಾರ್, ಅದರ ಮೂಲೆಯಲ್ಲಿರೋ ಗುಂಡಿಗಳನ್ನ ನಮಗೆ ಬೇಕಾದ ಹಾಗೆ ಇಟ್ಟುಕೊಳ್ಳೋದು ಹೇಗೆ?

ನನ್ನ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿ, ಹಾಸನದಲ್ಲಿರೋ ಅಪ್ಪನಿಗೆ ಕೊಟ್ಟಿದ್ದೆ. ದಿನಾ ರಾತ್ರಿ ಊಟ ಆದ್ಮೇಲೆ ವಿಡಿಯೋ ಕಾಲ್. ಒಂದಿನ "ಪಹಣಿ ಫೈಲ್ ತೆಗೆದು ಸರ್ವೆ ನಂಬರ್ ಓದಿ" ಅಂದೆ. ಕಾಲ್ ವಿಂಡೋನ ಪಕ್ಕಕ್ಕಿಡೋಣ ಅಂತ ಮೂಲೆಯ ಗುಂಡಿ ಒತ್ತಿದರು, ಕಾಲ್ ಕಟ್. ಮರುದಿನವೂ ಅದೇ ಕತೆ. ಮೂರನೇ ಸಲ "ನನ್ನ ಕೈಯೇ ಸರಿಯಿಲ್ಲ ಬಿಡಪ್ಪ" ಅಂದರು. ಆಮೇಲೆ ಅವರಾಗಿ ಕಾಲ್ ಮಾಡೋದನ್ನೇ ನಿಲ್ಲಿಸಿಬಿಟ್ಟರು.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಸ್ಕ್ರೀನ್ ನೋಡಿದೆ. ಅಲ್ಲಿದ್ದದ್ದು ಒಂದೇ ಗುಂಡಿ, ಕ್ಲೋಸ್. ಮಿನಿಮೈಸ್ ಇರಲೇ ಇಲ್ಲ! ಅಪ್ಪ ಇನ್ನೇನು ಒತ್ತಬೇಕಿತ್ತು?

ಯಾಕೆ ಹೀಗೆ? ಆ ಲ್ಯಾಪ್‌ಟಾಪಲ್ಲಿದ್ದದ್ದು ಗ್ನೋಮ್ ಡೆಸ್ಕ್‌ಟಾಪ್. 2011ರಲ್ಲಿ ಗ್ನೋಮ್ 3 ಬಂದಾಗ ಕೆಳಗಿನ ಟಾಸ್ಕ್‌ಬಾರ್ ಹೋಯ್ತು. ಇಳಿಸಿದ ವಿಂಡೋ ಕೂರೋಕೆ ಜಾಗವೇ ಇಲ್ಲ ಅಂದ್ಮೇಲೆ ಇಳಿಸೋ ಗುಂಡಿ ಯಾಕೆ ಅಂತ ಅದನ್ನೂ ತೆಗೆದರು. ಉಬುಂಟು 2010ರಲ್ಲಿ ಗುಂಡಿಗಳನ್ನ ಎಡಕ್ಕೆ ಸರಿಸಿ, 2017ರಲ್ಲಿ ವಾಪಸ್ ಬಲಕ್ಕೆ ತಂದಿತು. ಅಂದ್ರೆ ಇದೆಲ್ಲ ಯಾರೋ ಕೂತು ಮಾಡಿದ ತೀರ್ಮಾನ, ಹಣೆಬರಹ ಅಲ್ಲ. ನಾವೂ ಬದಲಾಯಿಸಬಹುದು.

ಸುಲಭದ ದಾರಿ: ಗ್ನೋಮ್ ಟ್ವೀಕ್ಸ್ ಅನ್ನೋ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಟೈಟಲ್‌ಬಾರ್ ಬಟನ್ಸ್ ಅನ್ನೋ ಕಡೆ ಮಿನಿಮೈಸ್, ಮ್ಯಾಕ್ಸಿಮೈಸ್ ಆನ್ ಮಾಡಿ. ಎಲ್ಲ ಗುಂಡಿ ಎಡಕ್ಕೋ ಬಲಕ್ಕೋ ಅನ್ನೋದನ್ನೂ ಅಲ್ಲೇ ಆರಿಸಬಹುದು.

ನನಗೆ ಅಷ್ಟು ಸಾಲಲಿಲ್ಲ. ಮಿನಿಮೈಸ್ ಪಕ್ಕದಲ್ಲೇ ಕ್ಲೋಸ್ ಇದ್ದರೆ ಮೌಸ್ ಸ್ವಲ್ಪ ಜಾರಿದರೂ ಮತ್ತೆ ಕಾಲ್ ಕಟ್. ಅದಕ್ಕೆ ಡಿಕಾನ್ಫ್ ಎಡಿಟರ್ ತೆರೆದೆ. ಆರ್ಗ್, ಗ್ನೋಮ್, ಡೆಸ್ಕ್‌ಟಾಪ್, ಡಬ್ಲ್ಯೂಎಂ, ಪ್ರಿಫರೆನ್ಸಸ್ ಅಂತ ಒಳಗೆ ಹೋದರೆ ಬಟನ್ ಲೇಔಟ್ ಸಿಗುತ್ತೆ. ಡಿಫಾಲ್ಟ್ ವ್ಯಾಲ್ಯೂ ಆಫ್ ಮಾಡಿ, ನಮ್ಮದನ್ನ ಬರೀಬೇಕು. ಗುಟ್ಟು ಇರೋದು ಕೋಲನ್ ಚಿಹ್ನೆಯಲ್ಲಿ: ಅದಕ್ಕಿಂತ ಮೊದಲು ಬರೆದದ್ದು ಎಡ ಮೂಲೆಗೆ, ನಂತರ ಬರೆದದ್ದು ಬಲ ಮೂಲೆಗೆ. ನಾನು ಕ್ಲೋಸ್, ಆಮೇಲೆ ಕೋಲನ್, ಆಮೇಲೆ ಮಿನಿಮೈಸ್, ಕಾಮಾ, ಮ್ಯಾಕ್ಸಿಮೈಸ್ ಅಂತ ಬರೆದೆ. ಪದಗಳು ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ, ನಡುವೆ ಸ್ಪೇಸ್ ಬೇಡ.

ಒಂದು ಎಚ್ಚರಿಕೆ. ಕೆಲವು ಆ್ಯಪ್‌ಗಳು ತಮ್ಮ ಟೈಟಲ್ ಬಾರ್ ತಾವೇ ಬರ್ಕೊಳ್ತಾವೆ, ನಮ್ಮ ಮಾತು ಪೂರ್ತಿ ಕೇಳಲ್ಲ. ಅಪ್ಪ ಕಾಲ್ ಮಾಡ್ತಿದ್ದದ್ದು ಫೈರ್‌ಫಾಕ್ಸಲ್ಲಿ. ಅಲ್ಲಿ ಕಸ್ಟಮೈಸ್ ಟೂಲ್‌ಬಾರ್‌ಗೆ ಹೋಗಿ, ಕೆಳಗಡೆ ಟೈಟಲ್ ಬಾರ್ ಅನ್ನೋದಕ್ಕೆ ಟಿಕ್ ಹಾಕಿದೆ.

ಕೆಡಿಇ ಪ್ಲಾಸ್ಮಾ ಬಳಸೋರಿಗೆ ಇನ್ನೂ ಸಲೀಸು: ಸಿಸ್ಟಮ್ ಸೆಟ್ಟಿಂಗ್ಸಲ್ಲಿ ವಿಂಡೋ ಡೆಕೊರೇಷನ್ಸ್‌ಗೆ ಹೋಗಿ ಗುಂಡಿಗಳನ್ನ ಎಳೆದು ಬೇಕಾದ ಕಡೆ ಬಿಟ್ಟರಾಯ್ತು. ವಿಂಡೋಸ್, ಮ್ಯಾಕ್ ಎರಡರಲ್ಲೂ ಗುಂಡಿಗಳ ಜಾಗ ಬದಲಿಸೋ ಸೆಟ್ಟಿಂಗ್ ಇಲ್ಲ.

ಇಳಿಸಿದ ವಿಂಡೋ ವಾಪಸ್ ತರೋಕೆ ಆಲ್ಟ್ ಹಿಡಿದು ಟ್ಯಾಬ್ ಒತ್ತಿ. ಇದನ್ನ ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿ ಬಂದೆ.

ಪುಣೆಗೆ ವಾಪಸ್ ಬಂದ ದಿನ ರಾತ್ರಿ ಅಪ್ಪನೇ ಕಾಲ್ ಮಾಡಿದರು. ಮಾತಿನ ಮಧ್ಯೆ ಪಹಣಿ ತೆರೆದು ಸರ್ವೆ ನಂಬರ್ ಓದಿದರು, ಕಾಲ್ ಕಟ್ ಆಗಲಿಲ್ಲ. ನಿಮ್ಮ ಮನೆಯಲ್ಲೂ ಯಾರಾದ್ರೂ "ನನಗೆ ಕಂಪ್ಯೂಟರ್ ಬರಲ್ಲ" ಅಂದ್ರೆ, ಅವರಿಗೆ ಪಾಠ ಹೇಳೋಕೆ ಮುಂಚೆ ಒಂದ್ಸಲ ಅವರ ಸ್ಕ್ರೀನ್ ನೋಡಿ.